ಗ್ಯಾರಿ ನಗರದ ಎಮರ್ಸನ್ ಶಾಲೆ: ದೇಶವೇ ನೋಡಲು ಬಂದ ಹೈಸ್ಕೂಲಿನ ಏಳುಬೀಳು

ಅಮೆರಿಕದ ಇಂಡಿಯಾನಾ ರಾಜ್ಯದ ಗ್ಯಾರಿ ನಗರದಲ್ಲಿ 1909ರಲ್ಲಿ ಆರಂಭವಾದ ಎಮರ್ಸನ್ ಶಾಲೆಯು ಆ ನಗರದ ಮೊದಲ ಹೈಸ್ಕೂಲು. ಅದರ ಬಾಗಿಲು 2008ರಲ್ಲಿ ಮುಚ್ಚಿತು. ನೂರು ವರ್ಷಕ್ಕೆ ಒಂದು ವರ್ಷ ಕಡಿಮೆಯಾದ ಈ ಅವಧಿಯಲ್ಲಿ ಶಾಲೆಯ ಹೆಸರು ಎರಡು ಕಾರಣಗಳಿಗಾಗಿ ಅಮೆರಿಕದ ಶಿಕ್ಷಣ ಚರಿತ್ರೆಯಲ್ಲಿ ಸೇರಿತು. ಕಾರ್ಮಿಕರ ಮಕ್ಕಳಿಗೂ ಈಜುಕೊಳ, ರಂಗಮಂಟಪ, ಪ್ರಯೋಗಶಾಲೆಗಳು ಸಿಗಬೇಕೆಂಬ ಮಹತ್ವಾಕಾಂಕ್ಷೆಯ ಪ್ರಯೋಗ ಇಲ್ಲಿ ನಡೆಯಿತು ಎಂಬುದು ಮೊದಲನೆಯದು. ಬೆರಳೆಣಿಕೆಯಷ್ಟು ಕಪ್ಪು ವರ್ಣೀಯ ಮಕ್ಕಳ ಪ್ರವೇಶವನ್ನು ವಿರೋಧಿಸಿ ಸಾವಿರಕ್ಕೂ ಹೆಚ್ಚು ಬಿಳಿಯ ವಿದ್ಯಾರ್ಥಿಗಳು 1927ರಲ್ಲಿ ತರಗತಿ ತೊರೆದು ಹೊರಬಂದದ್ದು ಎರಡನೆಯದು. ಈ ಎರಡು ಘಟನೆಗಳೂ ಒಂದೇ ಸೂರಿನಡಿ, ಒಬ್ಬನೇ ಆಡಳಿತಗಾರನ ಕಾಲದಲ್ಲಿ ನಡೆದವು.

ನಮ್ಮಲ್ಲಿ ‘ಪಬ್ಲಿಕ್ ಸ್ಕೂಲ್’ ಎಂದರೆ ಬಹುಮಟ್ಟಿಗೆ ದುಬಾರಿ ಶುಲ್ಕದ ಖಾಸಗಿ ಶಾಲೆ ಎಂಬ ಅರ್ಥವಿದೆ. ಅಮೆರಿಕದಲ್ಲಿ ಅದಕ್ಕೆ ತದ್ವಿರುದ್ಧವಾದ ಅರ್ಥ. ಅಲ್ಲಿ ಅದು ಜನರ ತೆರಿಗೆ ಹಣದಿಂದ, ಸ್ಥಳೀಯ ಶಾಲಾ ಮಂಡಳಿಯ ಉಸ್ತುವಾರಿಯಲ್ಲಿ ನಡೆಯುವ ಉಚಿತ ಶಾಲೆ. ಅದರ ಆದಾಯದ ದೊಡ್ಡ ಪಾಲು ಬಹುಕಾಲ ಸ್ಥಳೀಯ ಆಸ್ತಿ ತೆರಿಗೆಯಿಂದಲೇ ಬರುತ್ತಿತ್ತು. ಆದ್ದರಿಂದ ಊರು ಬೆಳೆದರೆ ಶಾಲೆ ಬೆಳೆಯುತ್ತದೆ, ಊರು ಕರಗಿದರೆ ಶಾಲೆಯೂ ಕರಗುತ್ತದೆ. ಎಮರ್ಸನ್ ಶಾಲೆಯ ಕಥೆಯನ್ನು ಅರಿಯಲು ಈ ವ್ಯವಸ್ಥೆ ನೆನಪಿನಲ್ಲಿರಬೇಕು.

ಉಕ್ಕಿನೊಡನೆ ಹುಟ್ಟಿದ ಊರು

ಮಿಷಿಗನ್ ಸರೋವರದ ದಕ್ಷಿಣ ದಂಡೆಯಲ್ಲಿ, ಷಿಕಾಗೋ ನಗರದಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮರಳುದಿಬ್ಬಗಳೂ ಜೌಗು ನೆಲವೂ ಇದ್ದವು. ಯು.ಎಸ್. ಸ್ಟೀಲ್ ಕಂಪನಿಯು 1906ರಲ್ಲಿ ಅಲ್ಲಿ ಬೃಹತ್ ಉಕ್ಕಿನ ಕಾರ್ಖಾನೆಯ ಕೆಲಸಕ್ಕೆ ಕೈಹಾಕಿತು. ಕಾರ್ಖಾನೆಯ ಜೊತೆಜೊತೆಗೇ ಊರೊಂದನ್ನು ಕಟ್ಟಿ, ಅದಕ್ಕೆ ಕಂಪನಿಯ ಅಧ್ಯಕ್ಷ ಎಲ್ಬರ್ಟ್ ಗ್ಯಾರಿಯ ಹೆಸರನ್ನಿಟ್ಟಿತು.

ಜನಗಣತಿಯ ಅಂಕಿಗಳು ಊರು ಬೆಳೆದ ವೇಗವನ್ನು ಹೇಳುತ್ತವೆ. 1910ರಲ್ಲಿ 16,802 ಇದ್ದ ಜನಸಂಖ್ಯೆ 1920ರಲ್ಲಿ 55,378ಕ್ಕೆ ಏರಿತು, 1930ರಲ್ಲಿ 1,00,426ನ್ನು ಮುಟ್ಟಿತು. ಬಂದವರಲ್ಲಿ ಬಹುಪಾಲು ಪೋಲಿಷ್, ಸರ್ಬಿಯನ್, ಕ್ರೊಯೇಷಿಯನ್, ಸ್ಲೊವಾಕ್, ಗ್ರೀಕ್, ಇಟಾಲಿಯನ್ ಮೊದಲಾದ ಐರೋಪ್ಯ ವಲಸಿಗರು. ಅವರ ಮನೆಗಳಲ್ಲಿ ಆಡುತ್ತಿದ್ದ ಭಾಷೆಗಳು ಹತ್ತಾರು. ಈ ಎಲ್ಲ ಮಕ್ಕಳಿಗೂ ಏಕಕಾಲಕ್ಕೆ ಶಾಲೆ ಬೇಕಾಗಿತ್ತು. ಆದರೆ ಹೊಸ ಊರಿನ ಬೊಕ್ಕಸದಲ್ಲಿ ಹಣ ಕಡಿಮೆಯಿತ್ತು.

ಕಂಪನಿಯ ಅಂಗಸಂಸ್ಥೆಯಾದ ಗ್ಯಾರಿ ಲ್ಯಾಂಡ್ ಕಂಪನಿಯು ಕಾರ್ಖಾನೆಗೆ ಹತ್ತಿರದ ಉತ್ತರ ಭಾಗದಲ್ಲಿ ಅಚ್ಚುಕಟ್ಟಾದ ರಸ್ತೆಗಳನ್ನೂ ಮನೆಗಳನ್ನೂ ಕಟ್ಟಿತು. ಅಲ್ಲಿ ಮೇಲ್ವಿಚಾರಕರು, ನುರಿತ ಕೆಲಸಗಾರರು ನೆಲೆಸಿದರು. ಬಡ ವಲಸಿಗರೂ ಕಪ್ಪು ವರ್ಣೀಯರೂ ರೈಲುಹಳಿಗಳ ದಕ್ಷಿಣಕ್ಕಿದ್ದ ಇಕ್ಕಟ್ಟಿನ ಬಡಾವಣೆಗಳಿಗೆ ಸೇರಿದರು. ಎಮರ್ಸನ್ ಶಾಲೆ ತಲೆಯೆತ್ತಿದ್ದು ಉತ್ತರ ಭಾಗದಲ್ಲಿ. ದಕ್ಷಿಣದ ಮಕ್ಕಳಿಗಾಗಿ 1912ರಲ್ಲಿ ಫ್ರೋಬೆಲ್ ಶಾಲೆ ತೆರೆಯಿತು. ಯಾವ ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಊರಿನ ನಕ್ಷೆಯೇ ಮೊದಲು ಗೊತ್ತುಮಾಡಿತ್ತೆನ್ನಬಹುದು.

ವರ್ಟ್ ಅವರ ಲೆಕ್ಕಾಚಾರ

ಈ ಊರಿನ ಶಾಲೆಗಳ ಹೊಣೆಯನ್ನು 1907ರಲ್ಲಿ ವಹಿಸಿಕೊಂಡವರು ವಿಲಿಯಂ ವರ್ಟ್. ಅದಕ್ಕೆ ಮುನ್ನ ಅವರು ಇಂಡಿಯಾನಾದ ಬ್ಲಫ್ಟನ್ ಎಂಬ ಚಿಕ್ಕ ಪಟ್ಟಣದಲ್ಲಿ ಶಾಲಾ ಸೂಪರಿಂಟೆಂಡೆಂಟ್ ಆಗಿದ್ದರು. ಗ್ಯಾರಿಯಲ್ಲಿ ಅವರು 1938ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಮೂರು ದಶಕಗಳ ಕಾಲ, ಅದೇ ಹುದ್ದೆಯಲ್ಲಿದ್ದರು.

ವರ್ಟ್ ಅವರ ವಿಚಾರದ ಮೂಲದಲ್ಲಿದ್ದದ್ದು ಒಂದು ಸರಳ ಪ್ರಶ್ನೆ. ಶಾಲೆಯಲ್ಲಿ ಪ್ರತಿ ಮಗುವಿಗೂ ಒಂದು ಮೇಜನ್ನು ಮೀಸಲಿಟ್ಟರೆ, ಆ ಮಗು ಮೈದಾನಕ್ಕೋ ಸಂಗೀತದ ಕೋಣೆಗೋ ಹೋದಾಗ ಮೇಜು ಖಾಲಿ ಬಿದ್ದಿರುತ್ತದೆ. ಮಕ್ಕಳು ಮೇಜಿನ ಮುಂದೆ ಕುಳಿತಾಗ ಮೈದಾನ ಖಾಲಿಯಾಗುತ್ತದೆ. ಸಾರ್ವಜನಿಕರ ಹಣದಿಂದ ಕಟ್ಟಿದ ಯಾವ ಜಾಗವೂ ಹೀಗೇಕೆ ಬರಿದಾಗಿರಬೇಕು?

ಅವರು ಕಂಡುಕೊಂಡ ಉತ್ತರವೇ ‘ಗ್ಯಾರಿ ಯೋಜನೆ’. ಶಾಲೆಯ ಮಕ್ಕಳನ್ನು ಎರಡು ತಂಡಗಳಾಗಿ ವಿಂಗಡಿಸಲಾಯಿತು. ಮೊದಲ ತಂಡವು ತರಗತಿಯಲ್ಲಿ ಭಾಷೆ, ಗಣಿತ, ಚರಿತ್ರೆಗಳನ್ನು ಕಲಿಯುವಾಗ ಎರಡನೆಯ ತಂಡವು ಕಾರ್ಯಾಗಾರ, ಪ್ರಯೋಗಶಾಲೆ, ಸಭಾಂಗಣ, ವ್ಯಾಯಾಮಶಾಲೆ, ಮೈದಾನಗಳಲ್ಲಿ ಇರುತ್ತಿತ್ತು. ನಿಗದಿತ ಹೊತ್ತಿಗೆ ತಂಡಗಳು ಸ್ಥಾನ ಬದಲಿಸುತ್ತಿದ್ದವು. ಸಾವಿರ ಮಕ್ಕಳ ಶಾಲೆಗೆ ಐನೂರು ಮಕ್ಕಳಿಗೆ ಸಾಲುವಷ್ಟು ತರಗತಿಗಳಿದ್ದರೆ ಸಾಕಾಗುತ್ತಿತ್ತು. ಉಳಿದ ಹಣದಲ್ಲಿ ಈಜುಕೊಳವನ್ನು ಕಟ್ಟಬಹುದಿತ್ತು.

ಇದು ನಮ್ಮ ಅನೇಕ ನಗರಗಳ ಓದುಗರಿಗೆ ಪರಿಚಿತವಾದ ಪಾಳಿ ಶಾಲೆಯಲ್ಲ. ಪಾಳಿ ಶಾಲೆಯಲ್ಲಿ ಬೆಳಗಿನ ಮಕ್ಕಳು ಮನೆಗೆ ಹೋದ ಮೇಲೆ ಮಧ್ಯಾಹ್ನದವರು ಬರುತ್ತಾರೆ, ಇಬ್ಬರಿಗೂ ಅರ್ಧ ದಿನದ ಪಾಠವಷ್ಟೇ ದಕ್ಕುತ್ತದೆ. ಗ್ಯಾರಿಯಲ್ಲಿ ಎರಡು ತಂಡಗಳೂ ಇಡೀ ದಿನ ಶಾಲೆಯಲ್ಲಿದ್ದವು. ದಿನದ ಅವಧಿ ಎಂಟು ಗಂಟೆಗಳಿಗೆ ಹಿಗ್ಗಿತು. ‘ದುಡಿಮೆ, ಓದು, ಆಟ’ ಎಂಬ ಮೂರು ಪದಗಳಲ್ಲಿ ಈ ಪದ್ಧತಿಯ ಸಾರವನ್ನು ಹೇಳಲಾಗುತ್ತಿತ್ತು. ಸಂಜೆಯ ನಂತರ ಅದೇ ಕೋಣೆಗಳಲ್ಲಿ ವಯಸ್ಕರ ರಾತ್ರಿ ಶಾಲೆ ನಡೆಯುತ್ತಿತ್ತು. ಕಾರ್ಖಾನೆಯಿಂದ ಬಂದ ತಂದೆಯರು ಮಕ್ಕಳು ಹಗಲು ಕಲಿತ ಕಟ್ಟಡದಲ್ಲಿಯೇ ಇಂಗ್ಲಿಷ್ ಕಲಿಯಲು ಕೂರುತ್ತಿದ್ದರು.

ಕಟ್ಟಡ ಮತ್ತು ಕಲಿಕೆ

ಈ ಕನಸಿಗೆ ತಕ್ಕ ಕಟ್ಟಡವನ್ನು ರೂಪಿಸಿದವರು ಸೇಂಟ್ ಲೂಯಿಸ್ ನಗರದ ವಾಸ್ತುಶಿಲ್ಪಿ ವಿಲಿಯಂ ಇಟ್ನರ್. ಗಾಳಿ ಬೆಳಕು ಧಾರಾಳವಾಗಿ ಬರುವ ಶಾಲೆಗಳನ್ನು ವಿನ್ಯಾಸಗೊಳಿಸುವುದರಲ್ಲಿ ಅವರು ಆಗಲೇ ಹೆಸರು ಮಾಡಿದ್ದರು. ಏಳನೆಯ ಅವೆನ್ಯೂವಿನಲ್ಲಿ ನಿಂತ ಎಮರ್ಸನ್ ಕಟ್ಟಡದಲ್ಲಿ ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು ಒಟ್ಟಿಗೆ ಕಲಿಯುತ್ತಿದ್ದರು. ತರಗತಿಗಳಲ್ಲದೆ ಸಭಾಂಗಣ, ವ್ಯಾಯಾಮಶಾಲೆ, ಈಜುಕೊಳ, ಮರಗೆಲಸ, ಲೋಹಗೆಲಸ, ಮುದ್ರಣಗಳ ಕಾರ್ಯಾಗಾರಗಳು ಇದ್ದವು. ಹೊರಗೆ ವಿಶಾಲ ಮೈದಾನ, ಕೈತೋಟಗಳಿದ್ದವು.

ಶಾಲೆಗೆ ಇಟ್ಟದ್ದು ಹತ್ತೊಂಬತ್ತನೆಯ ಶತಮಾನದ ಅಮೆರಿಕನ್ ಚಿಂತಕ ರಾಲ್ಫ್ ವಾಲ್ಡೊ ಎಮರ್ಸನ್ ಅವರ ಹೆಸರನ್ನು. ಭಗವದ್ಗೀತೆಯನ್ನು ಆಸ್ಥೆಯಿಂದ ಓದಿದ್ದ ಈ ಲೇಖಕ ಭಾರತೀಯ ಓದುಗರಿಗೂ ಅಪರಿಚಿತರಲ್ಲ.

ಪ್ರಾಥಮಿಕ ಹಂತದಿಂದಲೇ ವಿಷಯಕ್ಕೊಬ್ಬ ಶಿಕ್ಷಕರಿರುವ ಪದ್ಧತಿ ಇಲ್ಲಿ ಜಾರಿಗೆ ಬಂತು. ಸಭಾಂಗಣದಲ್ಲಿ ದಿನವೂ ಒಂದು ಅವಧಿ ಹಾಡು, ನಾಟಕ, ಭಾಷಣ, ಚಲನಚಿತ್ರಗಳಿಗೆ ಮೀಸಲು. ಕಾರ್ಯಾಗಾರಗಳಲ್ಲಿ ಹುಸಿ ಅಭ್ಯಾಸದ ಬದಲು ನಿಜವಾದ ಕೆಲಸವೇ ನಡೆಯುತ್ತಿತ್ತು. ಶಾಲೆಗಳಿಗೆ ಬೇಕಾದ ಪೀಠೋಪಕರಣ, ಬಣ್ಣ ಬಳಿಯುವಿಕೆ, ಮುದ್ರಣದ ಕೆಲಸಗಳಲ್ಲಿ ವಿದ್ಯಾರ್ಥಿಗಳು ಕುಶಲಕರ್ಮಿಗಳ ಜೊತೆ ದುಡಿಯುತ್ತಿದ್ದರು. ಗ್ಯಾರಿಯ ರಸಾಯನಶಾಸ್ತ್ರದ ವಿದ್ಯಾರ್ಥಿಗಳು ಊರಿನ ಹಾಲಿನ ಪರೀಕ್ಷೆಯಲ್ಲಿ ಕೂಡ ತೊಡಗುತ್ತಿದ್ದರು. ಪಾಠಕ್ಕೂ ಊರಿನ ಬದುಕಿಗೂ ನಡುವೆ ಗೋಡೆ ಇರಬಾರದೆಂಬುದು ವರ್ಟ್ ಅವರ ಆಶಯವಾಗಿತ್ತು.

ಪ್ರಶಂಸೆ, ಪರೀಕ್ಷೆ, ಪ್ರತಿಭಟನೆ

ಗ್ಯಾರಿ ಶಾಲೆಗಳ ಸುದ್ದಿ ಬೇಗನೆ ಹರಡಿತು. ಅಂಬೇಡ್ಕರ್ ಅವರಿಗೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗುರುಗಳಾಗಿದ್ದ ತತ್ತ್ವಜ್ಞಾನಿ ಜಾನ್ ಡ್ಯೂಯಿಯವರು ಮಗಳು ಎವೆಲಿನ್ ಜೊತೆಗೂಡಿ 1915ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಶಾಲೆಗಳನ್ನು ನಾಳಿನ ಶಿಕ್ಷಣದ ಮಾದರಿಗಳ ಸಾಲಿಗೆ ಸೇರಿಸಿದರು. ತರುಣ ಲೇಖಕ ರ‍್ಯಾಂಡಾಲ್ಫ್ ಬೋರ್ನ್ 1916ರಲ್ಲಿ ಗ್ಯಾರಿ ಶಾಲೆಗಳ ಕುರಿತೇ ಪುಸ್ತಕವೊಂದನ್ನು ಬರೆದರು. ದೇಶದ ನಾನಾ ಭಾಗಗಳಿಂದ ಶಿಕ್ಷಕರೂ ಅಧಿಕಾರಿಗಳೂ ಎಮರ್ಸನ್, ಫ್ರೋಬೆಲ್‌ಗಳನ್ನು ನೋಡಲು ಬಂದರು. 1920ರ ದಶಕ ಮುಗಿಯುವ ವೇಳೆಗೆ ಇನ್ನೂರಕ್ಕೂ ಹೆಚ್ಚು ಅಮೆರಿಕನ್ ನಗರಗಳು ಈ ಪದ್ಧತಿಯನ್ನು ಒಂದಲ್ಲ ಒಂದು ರೂಪದಲ್ಲಿ ಅಳವಡಿಸಿಕೊಂಡಿದ್ದವು.

ಆದರೆ ಎಲ್ಲರೂ ಒಪ್ಪಲಿಲ್ಲ. ನ್ಯೂಯಾರ್ಕ್ ನಗರದ ಮೇಯರ್ ಜಾನ್ ಮಿಚೆಲ್ ಅವರು ವರ್ಟ್ ಅವರನ್ನು ಸಲಹೆಗಾರರನ್ನಾಗಿ ಕರೆಸಿಕೊಂಡು 1914ರಿಂದ ಅಲ್ಲಿಯ ಶಾಲೆಗಳಲ್ಲಿ ಯೋಜನೆಯನ್ನು ಪ್ರಯೋಗಿಸಿದರು. ಮಿತವ್ಯಯದ ಹೆಸರಿನಲ್ಲಿ ಬಡವರ ಮಕ್ಕಳನ್ನು ಕಾರ್ಖಾನೆಯ ಕೂಲಿಗೆ ಅಣಿಗೊಳಿಸುವ ಹುನ್ನಾರವಿದು ಎಂಬ ಆಕ್ಷೇಪ ಎದ್ದಿತು. 1917ರ ಅಕ್ಟೋಬರಿನಲ್ಲಿ ವಲಸಿಗ ಬಡಾವಣೆಗಳ ಶಾಲೆಗಳ ಮುಂದೆ ಗಲಭೆಗಳಾದವು. ಮರುತಿಂಗಳ ಚುನಾವಣೆಯಲ್ಲಿ ಯೋಜನೆಯ ವಿರೋಧಿ ಜಾನ್ ಹೈಲನ್ ಗೆದ್ದರು. ನ್ಯೂಯಾರ್ಕಿನ ಪ್ರಯೋಗ ಅಲ್ಲಿಗೆ ಮುಗಿಯಿತು. ಅಬ್ರಹಾಂ ಫ್ಲೆಕ್ಸ್‌ನರ್ ಮತ್ತು ಫ್ರಾಂಕ್ ಬ್ಯಾಕ್‌ಮನ್ ಅವರು ಗ್ಯಾರಿ ಶಾಲೆಗಳನ್ನು ಕೂಲಂಕಷವಾಗಿ ಪರಿಶೀಲಿಸಿ 1918ರಲ್ಲಿ ವರದಿ ನೀಡಿದರು. ಆಶಯ ದೊಡ್ಡದು, ಅನುಷ್ಠಾನ ದುರ್ಬಲ ಎಂಬುದು ಅವರ ಅಭಿಪ್ರಾಯದ ತಿರುಳಾಗಿತ್ತು.

ಶಿಸ್ತು, ವೆಚ್ಚ, ಕಲಿಕೆಯ ಮಟ್ಟಗಳ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆದರೂ ಒಂದು ಪ್ರಶ್ನೆ ಮಾತ್ರ ಹೆಚ್ಚಾಗಿ ಬದಿಗೇ ಉಳಿಯಿತು. ಎಲ್ಲರ ಮಕ್ಕಳಿಗೂ ಎಂದು ಕಟ್ಟಿದ ಈ ಶಾಲೆಯಲ್ಲಿ ‘ಎಲ್ಲರೂ’ ಎಂದರೆ ಯಾರು?

1927ರ ಮುಷ್ಕರ

ಮೊದಲ ಮಹಾಯುದ್ಧದ ಕಾಲದಲ್ಲಿ ಐರೋಪ್ಯ ವಲಸೆ ನಿಂತಾಗ ಕಾರ್ಖಾನೆಗಳಿಗೆ ಕೈಗಳು ಬೇಕಾದವು. ದಕ್ಷಿಣದ ರಾಜ್ಯಗಳ ಹತ್ತಿ ಹೊಲಗಳನ್ನು ಬಿಟ್ಟು ಕಪ್ಪು ವರ್ಣೀಯ ಕುಟುಂಬಗಳು ಉತ್ತರಕ್ಕೆ ಹೊರಟವು. ಗ್ಯಾರಿಯಲ್ಲಿ 1910ರಲ್ಲಿ ಕೇವಲ 383 ಇದ್ದ ಕಪ್ಪು ವರ್ಣೀಯರ ಸಂಖ್ಯೆ 1920ರಲ್ಲಿ 5,299ಕ್ಕೂ, 1930ರಲ್ಲಿ 17,922ಕ್ಕೂ ಏರಿತು. ಅವರ ಮಕ್ಕಳಲ್ಲಿ ಬಹುಪಾಲು ಪ್ರತ್ಯೇಕ ಪ್ರಾಥಮಿಕ ಶಾಲೆಗಳಿಗೆ ಹೋಗುತ್ತಿದ್ದರು. ಸ್ಥಳೀಯ ಮಂಡಳಿಗಳು ಬಯಸಿದರೆ ವರ್ಣದ ಆಧಾರದ ಮೇಲೆ ಬೇರೆ ಶಾಲೆ ನಡೆಸಲು ಇಂಡಿಯಾನಾದ ಕಾನೂನು ಆಗ ಅವಕಾಶ ಕೊಟ್ಟಿತ್ತು. 1920ರ ದಶಕದ ಮಧ್ಯಭಾಗದಲ್ಲಿ ಆ ರಾಜ್ಯದಲ್ಲಿ ಕೂ ಕ್ಲಕ್ಸ್ ಕ್ಲಾನ್ ಸಂಘಟನೆಯ ಪ್ರಾಬಲ್ಯವೂ ಉತ್ತುಂಗದಲ್ಲಿತ್ತು.

1927ರ ಸೆಪ್ಟೆಂಬರಿನಲ್ಲಿ, ಕಿಕ್ಕಿರಿದಿದ್ದ ಬೇರೊಂದು ಶಾಲೆಯ ಹೊರೆ ತಗ್ಗಿಸಲು 18 ಕಪ್ಪು ವಿದ್ಯಾರ್ಥಿಗಳನ್ನು ಎಮರ್ಸನ್‌ಗೆ ವರ್ಗಾಯಿಸಲಾಯಿತು. ಮೊದಲೇ ಅಲ್ಲಿದ್ದ ಕೆಲವರು ಸೇರಿದರೆ ಅವರ ಒಟ್ಟು ಸಂಖ್ಯೆ 24. ಶಾಲೆಯಲ್ಲಿದ್ದ ಒಟ್ಟು ಮಕ್ಕಳು ಸುಮಾರು 2,800. ಅಂದರೆ ನೂರು ಮಕ್ಕಳಲ್ಲಿ ಒಬ್ಬರೂ ಇಲ್ಲ.

ಸೆಪ್ಟೆಂಬರ್ 26ರಂದು ಬಿಳಿಯ ವಿದ್ಯಾರ್ಥಿಗಳು ತರಗತಿಗಳಿಂದ ಎದ್ದು ಹೊರನಡೆದರು. ಮೊದಲ ದಿನ ಆರುನೂರರಷ್ಟಿದ್ದ ಅವರ ಸಂಖ್ಯೆ ನಂತರ ಸಾವಿರದ ಮುನ್ನೂರನ್ನು ದಾಟಿತು. ಮೆರವಣಿಗೆ, ಘೋಷಣೆ, ಸಭೆಗಳು ನಡೆದವು. ಹೆತ್ತವರಲ್ಲಿ ಅನೇಕರು ಮಕ್ಕಳ ಬೆನ್ನಿಗೆ ನಿಂತರು. ದೇಶದ ಪತ್ರಿಕೆಗಳ ಗಮನ ಗ್ಯಾರಿಯತ್ತ ತಿರುಗಿತು.

ನಾಲ್ಕು ದಿನಗಳ ನಂತರ ಆಡಳಿತ ಮಣಿಯಿತು. ಕಪ್ಪು ವಿದ್ಯಾರ್ಥಿಗಳಿಗೆ ತಾತ್ಕಾಲಿಕ ಶಾಲೆಯೊಂದನ್ನು ಏರ್ಪಡಿಸಲು 15,000 ಡಾಲರ್ ನೀಡುವುದಾಗಿ ನಗರಸಭೆ ಒಪ್ಪಿತು. ಕೊನೆಯ ವರ್ಷದಲ್ಲಿದ್ದ ಮೂವರನ್ನು ಮಾತ್ರ ಎಮರ್ಸನ್‌ನಲ್ಲಿ ಉಳಿಸಿಕೊಳ್ಳಲಾಯಿತು, ಉಳಿದವರು ಹೊರಹೋಗಬೇಕಾಯಿತು. ಮುಂದೆ ಕಪ್ಪು ಮಕ್ಕಳಿಗಾಗಿಯೇ ದೊಡ್ಡ ಹೈಸ್ಕೂಲೊಂದನ್ನು ಕಟ್ಟುವುದೆಂದೂ ತೀರ್ಮಾನವಾಯಿತು.

ಈ ಘಟನೆಯ ತೂಕ ಅದರ ಫಲಿತಾಂಶದಲ್ಲಿದೆ. ಅದುವರೆಗೆ ಗ್ಯಾರಿಯ ಹೈಸ್ಕೂಲು ಮಟ್ಟದಲ್ಲಿ ಪ್ರತ್ಯೇಕತೆ ರೂಢಿಯ ಮಟ್ಟದಲ್ಲಿತ್ತು, ಇಟ್ಟಿಗೆ ಗಾರೆಯ ರೂಪ ಪಡೆದಿರಲಿಲ್ಲ. ಮುಷ್ಕರದ ನಂತರ ಅದು ಅಧಿಕೃತ ನೀತಿಯಾಯಿತು. ಒಂದು ಜಾಗವೂ ಖಾಲಿ ಬೀಳಬಾರದೆಂದು ಯೋಜನೆ ಹಾಕಿದ್ದ ವರ್ಟ್ ಅವರ ಆಡಳಿತವೇ ಎಮರ್ಸನ್‌ನಲ್ಲಿ ಇಪ್ಪತ್ತೊಂದು ಮಕ್ಕಳಿಗೆ ಜಾಗವಿಲ್ಲವೆಂದು ಹೇಳಿತು.

ಕೋರ್ಟಿನ ಕಟ್ಟೆಯಲ್ಲಿ

ಕಪ್ಪು ವರ್ಣೀಯರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿ ಈ ತೀರ್ಮಾನವನ್ನು ಪ್ರಶ್ನಿಸಿತು. ತಾತ್ಕಾಲಿಕ ಶಾಲೆಗೆ ಹಣ ಬಳಸುವುದಕ್ಕೆ ನ್ಯಾಯಾಲಯದಲ್ಲಿ ತಡೆಯೂ ಸಿಕ್ಕಿತು. ಆದರೆ ಹೊರಹೋದ ವಿದ್ಯಾರ್ಥಿಗಳು ಎಮರ್ಸನ್‌ಗೆ ಮರಳಲಿಲ್ಲ. ಕಪ್ಪು ವಿದ್ಯಾರ್ಥಿನಿಯೊಬ್ಬಳಿಗೆ ಎಮರ್ಸನ್‌ನಲ್ಲಿ ಪ್ರವೇಶ ಕೊಡಿಸಬೇಕೆಂದು ಹೂಡಿದ ಮೊಕದ್ದಮೆಯು ಇಂಡಿಯಾನಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1931ರಲ್ಲಿ ಆ ನ್ಯಾಯಾಲಯವು ಶಾಲಾ ಆಡಳಿತದ ಪರವಾಗಿ ತೀರ್ಪಿತ್ತಿತು.

ಆ ಹೊತ್ತಿಗೆ ದಕ್ಷಿಣ ಭಾಗದಲ್ಲಿ ರೂಸ್‌ವೆಲ್ಟ್ ಹೈಸ್ಕೂಲು ಎದ್ದು ನಿಂತಿತ್ತು. ಬಹಿಷ್ಕಾರದಿಂದ ಹುಟ್ಟಿದ ಈ ಶಾಲೆಯನ್ನು ಕಪ್ಪು ಸಮುದಾಯವು ಹೆಮ್ಮೆಯ ಸಂಸ್ಥೆಯಾಗಿ ಬೆಳೆಸಿತು. ಅಲ್ಲಿಯ ಶಿಕ್ಷಕರು, ಆಟಗಾರರು, ಸಂಗೀತಗಾರರು ತಲೆಮಾರುಗಳ ಕಾಲ ಹೆಸರುವಾಸಿಯಾದರು.

ಎಮರ್ಸನ್ ಕೂಡ ಹೆಸರಾಂತ ಶಿಷ್ಯರನ್ನು ಕಂಡಿತು. ಸರ್ಬಿಯನ್ ಮನೆತನದ ಮ್ಲಾಡೆನ್ ಸೆಕುಲೊವಿಚ್ 1931ರಲ್ಲಿ ಇಲ್ಲಿ ವ್ಯಾಸಂಗ ಮುಗಿಸಿ, ಕೆಲಕಾಲ ಉಕ್ಕಿನ ಕಾರ್ಖಾನೆಯಲ್ಲಿ ದುಡಿದು, ಮುಂದೆ ಕಾರ್ಲ್ ಮಾಲ್ಡನ್ ಎಂಬ ಹೆಸರಿನಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ನಟನಾದರು. ಅಮೆರಿಕನ್ ಫುಟ್‌ಬಾಲಿನ ಖ್ಯಾತ ಆಟಗಾರ, ನಂತರ ನಟನಾದ ಅಲೆಕ್ಸ್ ಕಾರಸ್ ಇಲ್ಲಿಯ ವಿದ್ಯಾರ್ಥಿ. ವಲಸಿಗರ ಮಕ್ಕಳನ್ನು ಎತ್ತಿ ನಿಲ್ಲಿಸುವ ಶಕ್ತಿ ಈ ಶಾಲೆಗಿತ್ತೆಂಬುದಕ್ಕೆ ಇವು ಸಾಕ್ಷಿ. ಆ ಶಕ್ತಿ ಯಾರಿಗೆ ದಕ್ಕಲಿಲ್ಲವೆಂಬುದಕ್ಕೆ ಕೋರ್ಟಿನ ಕಡತ ಸಾಕ್ಷಿ.

ಮತ್ತೆ ಮುಷ್ಕರ, ಈ ಬಾರಿ ಬೇರೆ ಉತ್ತರ

ವರ್ಟ್ ಅವರ ಮರಣಾನಂತರ ಗ್ಯಾರಿ ಯೋಜನೆ ಕ್ರಮೇಣ ಕಳಚಿಕೊಂಡಿತು. ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ ವರ್ಣದ ಪ್ರಶ್ನೆ ಮರುಕಳಿಸಿತು. 1945ರ ಸೆಪ್ಟೆಂಬರಿನಲ್ಲಿ, ಕಪ್ಪು ಮತ್ತು ಬಿಳಿಯ ಮಕ್ಕಳು ಒಟ್ಟಿಗೆ ಓದುತ್ತಿದ್ದ ಫ್ರೋಬೆಲ್ ಶಾಲೆಯಲ್ಲಿ ಬಿಳಿಯ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಒಂದೇ ಶಾಲೆಯಾದರೂ ಅಲ್ಲಿಯ ಕಪ್ಪು ಮಕ್ಕಳಿಗೆ ಎಲ್ಲ ಚಟುವಟಿಕೆಗಳಲ್ಲಿ ಸಮಾನ ಸ್ಥಾನವಿರಲಿಲ್ಲ ಎಂಬುದು ಗಮನಾರ್ಹ. ನವೆಂಬರ್ 1ರಂದು ಜನಪ್ರಿಯ ಗಾಯಕ ಫ್ರಾಂಕ್ ಸಿನಾಟ್ರಾ ಸ್ವತಃ ಗ್ಯಾರಿಗೆ ಬಂದು ಸಭೆಯಲ್ಲಿ ಹಾಡಿ, ಮುಷ್ಕರ ಬಿಡುವಂತೆ ಮಕ್ಕಳನ್ನು ಕೇಳಿಕೊಂಡರು. ಮುಷ್ಕರ ಅಂದೇ ನಿಲ್ಲಲಿಲ್ಲ. ಆದರೆ ಊರಿನ ಮುಖಂಡರು ನೀತಿಯ ಬಗ್ಗೆ ಯೋಚಿಸಲೇಬೇಕಾಯಿತು.

1946ರಲ್ಲಿ ಗ್ಯಾರಿ ಶಾಲಾ ಮಂಡಳಿಯು ವರ್ಣಭೇದವಿಲ್ಲದೆ ಮನೆಗೆ ಸಮೀಪದ ಶಾಲೆಯಲ್ಲಿ ಪ್ರವೇಶ ನೀಡುವ ನಿರ್ಣಯವನ್ನು ಅಂಗೀಕರಿಸಿತು. ಮರುವರ್ಷದ ಸೆಪ್ಟೆಂಬರಿನಲ್ಲಿ ಅದು ಜಾರಿಗೆ ಬಂದಾಗ ಎಮರ್ಸನ್‌ನಲ್ಲಿ ಮತ್ತೊಮ್ಮೆ ಬಹಿಷ್ಕಾರ ನಡೆಯಿತು. ಇಪ್ಪತ್ತು ವರ್ಷಗಳ ಹಿಂದಿನಂತೆ ಈ ಸಲ ಮಂಡಳಿ ಮಣಿಯಲಿಲ್ಲ, ಮುಷ್ಕರ ಮುರಿದುಬಿತ್ತು. ಆಡಳಿತ ದೃಢವಾಗಿ ನಿಂತಿದ್ದರೆ 1927ರಲ್ಲಿಯೂ ಬೇರೆ ದಾರಿ ಇರಬಹುದಿತ್ತೆಂಬ ವಾದಕ್ಕೆ ಈ ಘಟನೆ ಬಲ ನೀಡುತ್ತದೆ. 1949ರಲ್ಲಿ ಇಂಡಿಯಾನಾ ರಾಜ್ಯವು ಕಾನೂನಿನ ಮೂಲಕವೇ ಸಾರ್ವಜನಿಕ ಶಾಲೆಗಳಲ್ಲಿ ವರ್ಣಾಧಾರಿತ ಪ್ರತ್ಯೇಕತೆಯನ್ನು ನಿಷೇಧಿಸಿತು.

ಆದರೂ ಬಡಾವಣೆಗಳು ಬೇರೆಬೇರೆಯಾಗಿಯೇ ಉಳಿದದ್ದರಿಂದ ಶಾಲೆಗಳೂ ಹಾಗೆಯೇ ಉಳಿದವು. ಈ ಸ್ಥಿತಿಯನ್ನು ಪ್ರಶ್ನಿಸಿ ಹೂಡಿದ ಬೆಲ್ ಮೊಕದ್ದಮೆಯಲ್ಲಿ ಫೆಡರಲ್ ನ್ಯಾಯಾಲಯಗಳು 1963ರಲ್ಲಿ ಗ್ಯಾರಿ ಶಾಲಾ ಆಡಳಿತದ ಪರವಾಗಿಯೇ ನಿಂತವು. ಜನವಸತಿಯ ಕಾರಣದಿಂದ ಉಂಟಾದ ಅಸಮತೋಲನವನ್ನು ಸರಿಪಡಿಸುವ ಬಾಧ್ಯತೆ ಶಾಲಾ ಮಂಡಳಿಗಿಲ್ಲ ಎಂಬ ಈ ತೀರ್ಪನ್ನು ಬೇರೆ ನಗರಗಳ ಮೊಕದ್ದಮೆಗಳಲ್ಲಿಯೂ ಉಲ್ಲೇಖಿಸಲಾಯಿತು.

ಊರು ಕರಗಿದಾಗ

1960ರಲ್ಲಿ ಗ್ಯಾರಿಯ ಜನಸಂಖ್ಯೆ 1,78,320. ಅದೇ ಶಿಖರ. ಅಲ್ಲಿಂದ ಮುಂದೆ ಇಳಿಜಾರು. 1967ರಲ್ಲಿ ರಿಚರ್ಡ್ ಹ್ಯಾಚರ್ ಮೇಯರ್ ಆಗಿ ಚುನಾಯಿತರಾಗಿ, ಅಮೆರಿಕದ ದೊಡ್ಡ ನಗರವೊಂದರ ಆಡಳಿತ ಹಿಡಿದ ಮೊದಲ ಕಪ್ಪು ವರ್ಣೀಯರ ಪೈಕಿ ಒಬ್ಬರೆನಿಸಿದರು. ಅದಕ್ಕೂ ಮುನ್ನವೇ ಆರಂಭವಾಗಿದ್ದ ಬಿಳಿಯರ ವಲಸೆ ಆಮೇಲೆ ತೀವ್ರಗೊಂಡಿತು. ದಕ್ಷಿಣಕ್ಕೆ ಹೊಂದಿಕೊಂಡ ಮೆರಿಲ್‌ವಿಲ್ 1971ರಲ್ಲಿ ಪ್ರತ್ಯೇಕ ಪಟ್ಟಣವಾಯಿತು. ಅಂಗಡಿಗಳು, ಬ್ಯಾಂಕುಗಳು, ಮನೆಗಳ ಜೊತೆಗೆ ತೆರಿಗೆಯ ಆದಾಯವೂ ಅತ್ತ ಸರಿಯಿತು.

ಇದರ ಮೇಲೆ ಉಕ್ಕಿನ ಉದ್ಯಮದ ಬಿಕ್ಕಟ್ಟು ಬಂದೆರಗಿತು. ಆಮದು ಉಕ್ಕಿನ ಪೈಪೋಟಿ, ಯಂತ್ರೀಕರಣಗಳಿಂದಾಗಿ ಒಂದು ಕಾಲದಲ್ಲಿ ಸುಮಾರು ಮೂವತ್ತು ಸಾವಿರ ಜನರಿಗೆ ಕೆಲಸ ನೀಡಿದ್ದ ಕಾರ್ಖಾನೆಯು ಅದರ ಸಣ್ಣ ಪಾಲಿನ ಕಾರ್ಮಿಕರಿಂದ ನಡೆಯುವಂತಾಯಿತು. ಕಾರ್ಖಾನೆ ಮುಚ್ಚಲಿಲ್ಲ, ಅದರೊಳಗಿನ ಕೆಲಸಗಳು ಮಾಯವಾದವು. 2000ದ ಜನಗಣತಿಯಲ್ಲಿ ನಗರದ ಜನಸಂಖ್ಯೆ 1,02,746ಕ್ಕೆ ಇಳಿದಿತ್ತು, 2020ರಲ್ಲಿ 69,093ಕ್ಕೆ ಕುಸಿಯಿತು.

ಮಕ್ಕಳ ಸಂಖ್ಯೆ ಕುಗ್ಗಿದಂತೆ ಒಂದೊಂದೇ ಹೈಸ್ಕೂಲಿಗೆ ಬೀಗ ಬಿತ್ತು. ಫ್ರೋಬೆಲ್ 1977ರಲ್ಲಿ, ಹೊರೇಸ್ ಮ್ಯಾನ್ 2004ರಲ್ಲಿ, ಲ್ಯೂ ವ್ಯಾಲೇಸ್ 2014ರಲ್ಲಿ ಮುಚ್ಚಿದವು. ಸರ್ಕಾರದ ಹಣದಿಂದ ಸ್ವತಂತ್ರವಾಗಿ ನಡೆಯುವ ಚಾರ್ಟರ್ ಶಾಲೆಗಳಿಗೆ 2001ರ ಕಾನೂನು ದಾರಿ ಮಾಡಿಕೊಟ್ಟ ನಂತರ ಉಳಿದ ಮಕ್ಕಳಲ್ಲಿಯೂ ಅನೇಕರು ಅತ್ತ ಹೋದರು. ಆಸ್ತಿ ತೆರಿಗೆಗೆ ರಾಜ್ಯವು 2008ರಲ್ಲಿ ವಿಧಿಸಿದ ಮಿತಿಯು ಗ್ಯಾರಿಯಂತಹ ಬಡ ನಗರಗಳ ಕೈಯನ್ನು ಇನ್ನಷ್ಟು ಕಟ್ಟಿಹಾಕಿತು.

ಕಲೆಯ ಕೊನೆಯ ಅಂಕ

ಎಮರ್ಸನ್‌ನ ಬದುಕಿನಲ್ಲಿ ಆಗಲೂ ಒಂದು ಹೊಸ ಅಧ್ಯಾಯ ಬಾಕಿ ಇತ್ತು. 1980ರ ದಶಕದ ಆರಂಭದಲ್ಲಿ ಸಾಮಾನ್ಯ ಹೈಸ್ಕೂಲಾಗಿ ಅದರ ಕಾರ್ಯ ಮುಗಿದಾಗ, ಅದೇ ಕಟ್ಟಡದಲ್ಲಿ ದೃಶ್ಯಕಲೆ ಹಾಗೂ ರಂಗಕಲೆಗಳ ವಿಶೇಷ ಶಾಲೆ ಆರಂಭವಾಯಿತು. ಸಂಗೀತ, ನೃತ್ಯ, ನಾಟಕ, ಚಿತ್ರಕಲೆಗಳಲ್ಲಿ ಆಸಕ್ತಿಯುಳ್ಳ ಮಕ್ಕಳು ನಗರದ ಬೇರೆಬೇರೆ ಭಾಗಗಳಿಂದ ಇಲ್ಲಿಗೆ ಬಂದರು. 1909ರಲ್ಲಿ ಸಭಾಂಗಣವನ್ನು ಕಟ್ಟಿದ ಉದ್ದೇಶವು ಹೀಗೆ ಮತ್ತೊಂದು ತಲೆಮಾರಿನ ಪಾಲಿಗೆ ನಿಜವಾಯಿತು. ಅಷ್ಟರಲ್ಲಿ ಗ್ಯಾರಿ ಕಪ್ಪು ವರ್ಣೀಯರೇ ಬಹುಸಂಖ್ಯಾತರಾದ ನಗರವಾಗಿತ್ತು. 1927ರಲ್ಲಿ ಯಾರನ್ನು ಹೊರಗಿಡಲು ಮುಷ್ಕರ ನಡೆದಿತ್ತೋ ಆ ಸಮುದಾಯದ ಮಕ್ಕಳೇ ಎಮರ್ಸನ್‌ನ ಕೊನೆಯ ಕಾಲು ಶತಮಾನ ಅದರ ವೇದಿಕೆಯನ್ನು ಬೆಳಗಿದರು.

1995ರಲ್ಲಿ ಕಟ್ಟಡವು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಈ ಪಟ್ಟಿಗೆ ಸೇರಿದ ಮಾತ್ರಕ್ಕೆ ದುರಸ್ತಿಯ ಹಣ ತಾನಾಗಿ ಬರುವುದಿಲ್ಲ. ಹಳೆಯ ಕಟ್ಟಡದ ದುಃಸ್ಥಿತಿ ಹೆಚ್ಚುತ್ತ ಹೋಗಿ, ಗೋಡೆಗಳಲ್ಲಿ ಬೂಷ್ಟು ಹಬ್ಬಿತು. 2008ರಲ್ಲಿ ಮಕ್ಕಳನ್ನು ಬೇರೆಡೆಗೆ ಸಾಗಿಸಿ ಶಾಲೆಯನ್ನು ಮುಚ್ಚಲಾಯಿತು. ನಂತರದ ವರ್ಷಗಳಲ್ಲಿ ಒಡೆದ ಕಿಟಕಿಗಳ, ಪಾಳುಬಿದ್ದ ಸಭಾಂಗಣದ ಚಿತ್ರಗಳು ಅಮೆರಿಕದ ಕೈಗಾರಿಕಾ ಪಟ್ಟಣಗಳ ಅವನತಿಯ ಕುರುಹುಗಳಾಗಿ ಹರಿದಾಡಿದವು.

ಕಲಾ ಶಾಲೆಯು ಮುಂದೆ ಮಿಲ್ಲರ್ ಬಡಾವಣೆಯ ವರ್ಟ್ ಹೈಸ್ಕೂಲಿನೊಡನೆ ವಿಲೀನಗೊಂಡಿತು. ಯೋಜನೆಯ ಶಿಲ್ಪಿಯ ಹೆಸರೂ ಅವರ ಮೊದಲ ಹೈಸ್ಕೂಲಿನ ಹೆಸರೂ ಕೂಡಿ ‘ವರ್ಟ್-ಎಮರ್ಸನ್’ ಆಯಿತು. ಅದೂ ಬಹುಕಾಲ ಉಳಿಯಲಿಲ್ಲ. ಹತ್ತು ಕೋಟಿ ಡಾಲರಿಗೂ ಮಿಕ್ಕ ಸಾಲದಲ್ಲಿ ಮುಳುಗಿದ್ದ ಗ್ಯಾರಿ ಶಾಲಾ ಜಿಲ್ಲೆಯ ಆಡಳಿತವನ್ನು 2017ರಲ್ಲಿ ರಾಜ್ಯವೇ ವಹಿಸಿಕೊಂಡಿತು. ಮರುವರ್ಷ ವರ್ಟ್-ಎಮರ್ಸನ್ ಮುಚ್ಚಿತು. 2019ರ ಚಳಿಗಾಲದಲ್ಲಿ ಕೊಳವೆಗಳು ಒಡೆದು ಹಾನಿಗೊಳಗಾದ ರೂಸ್‌ವೆಲ್ಟ್ ಶಾಲೆ 2020ರಲ್ಲಿ ಅಧಿಕೃತವಾಗಿ ಮುಚ್ಚಿತು. ಕಪ್ಪು ಮಕ್ಕಳನ್ನು ಹೊರಹಾಕಿದ ಶಾಲೆ, ಹೊರಹಾಕಿದವರಿಗಾಗಿ ಕಟ್ಟಿದ ಶಾಲೆ, ಎರಡೂ ಹೀಗೆ ಹನ್ನೆರಡು ವರ್ಷಗಳ ಅಂತರದಲ್ಲಿ ಕೊನೆಗಂಡವು. ಶಾಲಾ ಜಿಲ್ಲೆಯ ಆಡಳಿತ 2024ರ ಜುಲೈಯಲ್ಲಿ ಮತ್ತೆ ಸ್ಥಳೀಯ ಮಂಡಳಿಯ ಕೈಗೆ ಬಂತು.

ಉಳಿದದ್ದೇನು?

ಗ್ಯಾರಿ ಯೋಜನೆ ಅದರ ಮೂಲ ರೂಪದಲ್ಲಿ ಈಗ ಎಲ್ಲಿಯೂ ಬಳಕೆಯಲ್ಲಿಲ್ಲ. ಆದರೆ ಶಾಲೆಯೆಂದರೆ ನಾಲ್ಕು ಗೋಡೆಗಳ ತರಗತಿಯಷ್ಟೇ ಅಲ್ಲ, ಮೈದಾನ, ರಂಗಮಂಟಪ, ಪ್ರಯೋಗಶಾಲೆ, ಕಾರ್ಯಾಗಾರಗಳೂ ಅದರ ಅಂಗಗಳೆಂಬ ಮಾತು ಇಂದು ಯಾರಿಗೂ ವಿಚಿತ್ರವಾಗಿ ಕೇಳಿಸುವುದಿಲ್ಲ. 1909ರಲ್ಲಿ ಕಾರ್ಮಿಕರ ಊರಿನ ಉಚಿತ ಶಾಲೆಯೊಂದರ ಮಟ್ಟಿಗೆ ಅದು ಕ್ರಾಂತಿಕಾರಿಯಾಗಿತ್ತು.

ಎಮರ್ಸನ್ ಮುಚ್ಚಿದ್ದು ಬೂಷ್ಟಿನಿಂದ ಎಂದು ಕಡತಗಳು ಹೇಳಬಹುದು. ಮಕ್ಕಳ ಕೊರತೆ, ಹಣದ ಕೊರತೆ, ಉಕ್ಕಿನ ಕುಸಿತ ಎಲ್ಲವೂ ಕಾರಣಗಳೇ. ಆದರೆ ಒಟ್ಟಿಗೆ ಓದಲಾರೆವೆಂದು 1927ರಲ್ಲಿ ಹೊರನಡೆದ ಊರು, ಒಟ್ಟಿಗೆ ಬಾಳಲಾರೆವೆಂದು 1960ರ ದಶಕದಲ್ಲಿ ಚದುರಿತು. ಜನ ಚದುರಿದಾಗ ಅವರ ತೆರಿಗೆಯೂ ಚದುರಿತು. ಅದನ್ನೇ ನಂಬಿದ್ದ ಶಾಲೆಗಳು ನಿಲ್ಲಲಾರದೆ ಹೋದವು. ಎಮರ್ಸನ್‌ನ ಇತಿಹಾಸದಲ್ಲಿ 1909 ಮತ್ತು 2008 ಎಂಬ ಎರಡು ವರ್ಷಗಳ ನಡುವೆ 1927ಕ್ಕೂ ಅಷ್ಟೇ ದೊಡ್ಡ ಸ್ಥಾನವಿರುವುದು ಇದೇ ಕಾರಣಕ್ಕಾಗಿ.